ಹುಟ್ಟುವ ಮೊದಲೇ ಅಚ್ಚಾದ ತೊಟ್ಟಿಲ ಕಾರ್ಡು

ಹೋದ ವಾರ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಬಾಜೂ ಕೂತ ಹಿರಿಯರೊಬ್ಬರು ಚೀಲದಿಂದ ಲಗ್ನಪತ್ರಿಕೆಯ ಕಟ್ಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಗಷ್ಟೇ ಅಚ್ಚಾಗಿ ಬಂದ ಮಾಲು. ಹಸಿ ಶಾಯಿಯ ವಾಸನೆ, ಅದರ ಬೆನ್ನಿಗೇ ರೋಲರ್ ಒರೆಸಿದ ಸೀಮೆಎಣ್ಣೆಯ ವಾಸನೆ. ನನಗೇನು ಹೊಸದಲ್ಲ, ಅದೇ ವಾಸನೆಯಲ್ಲಿ ನನ್ನ ತಲೆ ಬೆಳ್ಳಗಾಗಿದೆ. ಆದರೂ ಕೈ ತಾನೇ ಹೋಗಿ ಫೋನು ಹಿಡಿದುಕೊಂಡಿತು. ಫೋನು ಸುಮ್ಮನಿತ್ತು. ನಾನು ಮಾತ್ರ ಬೆವೆತಿದ್ದೆ.

ಆ ಬೇಸಿಗೆಯ ಹೆದರಿಕೆ ಇನ್ನೂ ಮೈಯಲ್ಲೇ ಇದೆ ಎಂದು ಆಗ ಗೊತ್ತಾಯಿತು. ಕೊನೆಗೆ ಏನಾಯಿತು ಎಂದು ಈಗಲೇ ಹೇಳಿಬಿಡಲು ನಾಲಿಗೆ ತುರಿಸುತ್ತಿದೆ. ಬಾಯಿ ಮುಚ್ಚಿಕೊಂಡು ಸಾಲಾಗಿ ಹೇಳುತ್ತೇನೆ.

ನಾನು ಶಾಂತವ್ವ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಸರಿಯಾಗಿ ಕೈಗೆ ಹತ್ತಿದ್ದು ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ, ಗಂಡನ ಪ್ರೆಸ್ಸಿನಲ್ಲಿ, ಸೀಸದ ಮೊಳೆಗಳನ್ನು ಜೋಡಿಸುತ್ತ. ಮೊಳೆಯಲ್ಲಿ ಅಕ್ಷರ ತಿರುಗಿ ಕೂತಿರುತ್ತದೆ. ಹಾಗಾಗಿ ನಾನು ಮೊದಲು ಓದಲು ಕಲಿತದ್ದು ಉಲ್ಟಾ ಕನ್ನಡ, ಸುಲ್ಟಾ ಕನ್ನಡ ಆಮೇಲೆ ಬಂತು. ಈಗ ಮೊಳೆಗಳೂ ಇಲ್ಲ, ಅವುಗಳನ್ನು ತಂದ ಗಂಡನೂ ಇಲ್ಲ. ಸಣ್ಣ ಆಫ್‌ಸೆಟ್ ಮಷಿನ್ ಇದೆ, ಅದನ್ನು ನಡೆಸುವ ಮಾರುತಿ ಇದ್ದಾನೆ. ನನ್ನ ಗಂಡನ ಕೈಕೆಳಗೆ ಕೆಲಸ ಕಲಿತವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ನನ್ನ ಒಬ್ಬಳೇ ಮಗಳು ರೇಣುಕಾ ಪ್ರೆಸ್ಸಿನ ಕಾಗದದ ರಾಶಿಯ ಮೇಲೆ ಮಲಗಿ ಬೆಳೆದವಳು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಷಿನ್ ತೋರಿಸಿದವನೂ ಇವನೇ.

ರೇಣುಕಾಳನ್ನು ಹುಕ್ಕೇರಿ ತಾಲೂಕಿನ ಕಣಗಲಾಕ್ಕೆ ಕೊಟ್ಟಿದ್ದೇವೆ. ಅಳಿಯ ಸಿದ್ದು ಟೆಂಪೊ ಓಡಿಸುತ್ತಾನೆ. ಬೀಗತಿ ಗಂಗವ್ವ ಕುರಿ ಸಾಕುತ್ತಾಳೆ, ಅವಳ ನಾಲಿಗೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯ ಹಾಗೆ. ಎರಡು ಸಲ ರೇಣುಕಾಳ ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ನಿಂತಿತು. ನಮ್ಮ ಪದ್ಧತಿಯಂತೆ ಬಾಣಂತನಕ್ಕೆ ತವರಿಗೆ ಕರೆದುಕೊಂಡು ಬರುವವರಿದ್ದೆವು. ಅಷ್ಟರಲ್ಲಿ ಹುಕ್ಕೇರಿಯ ಹೆಣ್ಣು ಡಾಕ್ಟರು, ನಮ್ಮ ಮಾತಿನಲ್ಲಿ ಡಾಕ್ಟರ್ ಬಾಯಿ, “ಕೂಸಿನ ಮಾಸು ಗರ್ಭಚೀಲದಾಗ ಬಹಳ ಕೆಳಗೈತಿ. ಈಕಿ ಎದ್ದು ಅಡ್ಡಾಡಬಾರ್ದು. ಬಸ್ಸು, ಗಾಡಿ ಅಂತ ಒಯ್ದ್ರ ನಾ ಜವಾಬ್ದಾರಿ ಅಲ್ಲ. ಒಂದು ಹನಿ ರಕ್ತ ಕಂಡ್ರೂ ಆ ಗಳಿಗಿನ್ಯಾಗ ಇಲ್ಲಿಗೆ ಬರಬೇಕು,” ಎಂದರು. ಮಗಳು ಬರುವಂತಿಲ್ಲ ಎಂದ ಮೇಲೆ ತವರೇ ಅವಳ ಹತ್ತಿರ ಹೋಗಬೇಕಾಯಿತು. ನಾನು ಸೀರೆಯ ಗಂಟು ಕಟ್ಟಿಕೊಂಡು ಕಣಗಲಾಕ್ಕೆ ನಡೆದೆ.

ಅದು ಲಗ್ನಸರಾಯಿ, ಮದುವೆಗಳ ಕಾಲ. ಪ್ರೆಸ್ಸಿಗೆ ವರ್ಷದ ಅನ್ನ ಬರುವುದೇ ಆಗ. ಬಾಗಿಲು ಹಾಕಿದರೆ ಕೌಜಲಗಿ, ಮೂಡಲಗಿಯ ಹಳೆಯ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ, ಒಮ್ಮೆ ಹೋದವರು ತಿರುಗಿ ಬರುವುದಿಲ್ಲ. ಆದ್ದರಿಂದ ಪ್ರೆಸ್ಸನ್ನು ಫೋನಿನಲ್ಲೇ ನಡೆಸಿದೆ. ಮಾರುತಿ ಕಾರ್ಡಿನ ಫೋಟೊ ಕಳಿಸಬೇಕು, ನಾನು ನೋಡಿ “ಬಿಡು” ಎನ್ನಬೇಕು, ಆಮೇಲೇ ಮಷಿನ್ ತಿರುಗಬೇಕು. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಕುರಿ ದೊಡ್ಡಿಯ ಬಾಯಿಯಲ್ಲಿ ಮಾತ್ರ. ಅಲ್ಲೊಂದು ಕಲ್ಲಿನ ಮೇಲೆ ಕೂತು, ಸುತ್ತ ಮರಿಗಳು ಸೆರಗು ಜಗ್ಗುತ್ತಿದ್ದರೆ, ನಾನು ಗೋಕಾಕದ ಮಷಿನ್ ನಡೆಸುತ್ತಿದ್ದೆ.

“ವೈನ್ಯಾರ, ಫೋಟೊ ಬಂತೇನ್ರಿ?”

“ಬಂತಪಾ. ಗಣಪತಿ ಯಾಕೋ ಉಪವಾಸ ಇದ್ದಂಗ ಕಾಣತಾನಲ್ಲೋ.”

“ಫೋಟೊದಾಗ ಹಂಗ ಕಾಣತೈತ್ರಿ.”

“ಶಾಯಿ ಸಾಲವಲ್ದು. ಫೋನ್ ಮಷಿನ್ ಬಾಜೂ ಹಿಡಿ, ಸಪ್ಪಳ ಕೇಳ್ತೀನಿ.”

ಗಂಗವ್ವ ಕುರಿ ಬಿಡಲು ಬಂದವಳು ನಿಂತು ನೋಡುತ್ತಿದ್ದಳು. “ನಿಮ್ಮ ಪ್ರೆಸ್ಸು ನಮ್ಮ ದಡ್ಡಿಗೆ ಬಂತಲ್ರಿ ಬೀಗ್ತ್ಯಾರ. ಬಂದದ್ದು ಬಂತು, ನಮ್ಮ ಟಗರಿಗೂ ಒಂದು ಲಗ್ನಪತ್ರಿಕಿ ಹೊಡೀರಿ.”

“ಕನ್ಯಾದವ್ರ ಹೆಸರ ಹೇಳ್ರಿ, ಹೊಡಿಸ್ತೀನಿ.”

“ಕನ್ಯಾ ಒಂದs ಇದ್ರ ಹೇಳಬಹುದಿತ್ತು.”

ಇಷ್ಟು ಮಾತಾಡುವ ಗಂಗವ್ವ ಮನೆಯ ಹೊಸ್ತಿಲು ದಾಟಿದರೆ ಮೂಕಿ. ನಾನೂ ಹಾಗೇ. ಹೊಟ್ಟೆಯ ಕೂಸಿನ ಬಗ್ಗೆ ಆ ಮನೆಯಲ್ಲಿ ಯಾರೂ ಸೊಲ್ಲೆತ್ತುತ್ತಿರಲಿಲ್ಲ. ಸೀಮಂತದ ಕುಬಸ ಮಾಡಲಿಲ್ಲ, ಹಸಿರು ಬಳೆ ಇಡಿಸಲಿಲ್ಲ. ಹುಟ್ಟದ ಕೂಸಿಗೆ ಕುಲಾಯಿ ಹೊಲಿಯುವವರಲ್ಲ ನಾವು, ಅದರ ಹೆಸರೆತ್ತಿದರೂ ಯಾರದಾದರೂ ಕಣ್ಣು ಬಿದ್ದೀತೆಂಬ ಅಂಜಿಕೆ. ಹಿಂದಿನ ಎರಡು ಸಲ ಖುಷಿಪಟ್ಟು ಕೆಟ್ಟೆವು ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು. ಗಂಗವ್ವ “ಊಟ ಮಾಡಿದ್ಯಾ?” ಎನ್ನುವಳು, ನಾನು “ಗುಳಿಗಿ ತಗೊಂಡ್ಯಾ?” ಎನ್ನುವೆ, ಅಳಿಯ ಬಾಗಿಲಲ್ಲಿ ನಿಂತು ಮುಖ ನೋಡಿ ಹೋಗುವನು. ರೇಣುಕಾ ಹಾಸಿಗೆಯ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ ಮಂಚದ ಮೇಲೆ ಮಲಗಿ ತಗಡಿನ ಮಾಡು ನೋಡುತ್ತಿದ್ದಳು. ತಗಡು ಕಾದು ಟಪ್ ಟಪ್ ಎನ್ನುತ್ತಿತ್ತು. ಅವಳ ಕೈ ಹೊಟ್ಟೆಯ ಮೇಲೆ ಇರುತ್ತಿತ್ತು, ನಾವು ಒಳಗೆ ಬಂದ ಕೂಡಲೇ ತೆಗೆದುಬಿಡುತ್ತಿದ್ದಳು. ಕದ್ದ ವಸ್ತು ಮುಚ್ಚಿಟ್ಟುಕೊಂಡವರ ಹಾಗೆ.

ಆಗಾಗ ಕಾಗದ ಕೊಳ್ಳಲು, ಹೊಸ ಗಿರಾಕಿಗಳ ಮಾತು ಮುಗಿಸಲು ನಾನೇ ಗೋಕಾಕಕ್ಕೆ ಹೋಗಿ ಸಂಜೆಯೊಳಗೆ ತಿರುಗಿ ಬರಬೇಕಾಗುತ್ತಿತ್ತು. ಹಾಗೆ ಒಂದು ದಿನ ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲಿದ್ದಾಗ ಮಾರುತಿ ಕೌಜಲಗಿಯ ಬಾಳವ್ವನ ಮಗಳ ಲಗ್ನಪತ್ರಿಕೆಯ ಫೋಟೊ ಕಳಿಸಿದ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ, ಚೆನ್ನಾಗಿತ್ತು. “ಬಿಡು” ಎಂದೆ. ಬಸ್ಸು ಬಂತು, ಹತ್ತಿದೆ.

ಕೆಲವು ದಿನಗಳಾದ ಮೇಲೆ ದೊಡ್ಡಿಯ ಕಲ್ಲಿನ ಮೇಲೆ ಕೂತಿದ್ದಾಗ ಅವನ ಫೋನು ಬಂತು. ದನಿ ಸಣ್ಣದಾಗಿತ್ತು.

“ವೈನ್ಯಾರ, ಒಂದು ಫೋಟೊ ಹಾಕೇನಿ. ನೋಡಿ ಬೈಬ್ಯಾಡ್ರಿ.”

ನೋಡಿದೆ. ಅಂಗೈ ಅಗಲದ ಕಾರ್ಡು. ಮೇಲೆ ಕೆಂಪು ಶಾಯಿಯಲ್ಲಿ ತೊಟ್ಟಿಲಿನ ಚಿತ್ರ. ಕೆಳಗೆ, ‘ನಮ್ಮ ರೇಣುಕಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಎಲ್ಲರೂ ಬರಬೇಕು’ ಎಂದಿತ್ತು. ಹೆಸರಿನ ಜಾಗದಲ್ಲಿ ಚುಕ್ಕೆ, ದಿನದ ಜಾಗದಲ್ಲಿ ಚುಕ್ಕೆ. ಎಲ್ಲಕ್ಕಿಂತ ಕೆಳಗೆ ಪ್ರೆಸ್ಸಿನ ಹೆಸರು, ನನ್ನ ಫೋನ್ ನಂಬರು.

ಒಂದು ಮರಿ ಬಂದು ಮೊಣಕಾಲಿಗೆ ಹಾಯ್ದರೂ ನನಗೆ ತಿಳಿಯಲಿಲ್ಲ.

ಇದು ಹೇಗಾಯಿತೆಂದು ಹೇಳಬೇಕು. ದೊಡ್ಡ ಹಾಳೆಯ ಮೇಲೆ ಲಗ್ನಪತ್ರಿಕೆ ಕೂರಿಸಿದರೆ ಒಂದು ಬದಿಗೆ ಜಾಗ ಉಳಿಯುತ್ತದೆ. ಆ ಜಾಗ ಖಾಲಿ ಬಿಟ್ಟರೆ ನನ್ನ ಗಂಡನಿಗೆ ಊಟ ಸೇರುತ್ತಿರಲಿಲ್ಲ. ಯಾರದಾದರೂ ಅಂಗಡಿಯ ಚೀಟಿ, ಏನಾದರೊಂದನ್ನು ಅಲ್ಲಿ ಸೇರಿಸಿ ಒಂದೇ ಓಟದಲ್ಲಿ ಅಚ್ಚು ಹಾಕಿಸುತ್ತಿದ್ದ. ಮಾರುತಿಗೂ ಅದೇ ಚಾಳಿ. ಬಾಳವ್ವನ ಕಾರ್ಡಿನ ಪಕ್ಕ ಉಳಿದ ಜಾಗಕ್ಕೆ, ನನಗೆ ಹೇಳದೆ, ನನ್ನ ಮಗಳ ಹೊಟ್ಟೆಯೊಳಗಿನ ಕೂಸಿನ ತೊಟ್ಟಿಲು ತಂದು ಕೂರಿಸಿದ್ದ. ನನಗೆ ಕಳಿಸಿದ ಫೋಟೊದಲ್ಲಿ ಆ ಬದಿ ಇರಲೇ ಇಲ್ಲ.

“ಸುಡಬ್ಯಾಡ,” ಎಂದೆ ಮೊದಲು. ತೊಟ್ಟಿಲ ಕಾರ್ಡು ಸುಟ್ಟರೆ ಕೂಸನ್ನೇ ಸುಟ್ಟಂತೆ ಎನ್ನಿಸಿತು. “ಹೊಳಿಗೂ ಬಿಡಬ್ಯಾಡ. ಹರೀಬ್ಯಾಡ. ಕೇಳಾಕತ್ತೀಯಿಲ್ಲೋ? ನಾ ಬರೂತನಕ ಒಂದನ್ನೂ ಮುಟ್ಟಬ್ಯಾಡ.”





“ಮುಟ್ಟಾಕ ಅವು ಇಲ್ಲಿಲ್ರಿ ವೈನ್ಯಾರ. ಹಾಳಿ ಕಟಿಂಗ್ ಮಾಡೂ ಅಂಗಡ್ಯಾಗ ಒಂದs ಕಟ್ಟು ಕಟ್ಟಿ ಬಿಟ್ಟಾರ. ಲಗ್ನಪತ್ರಿಕಿ ಜೋಡಿ ಕೌಜಲಗಿಗೆ ಹೋಗ್ಯಾವು.”

ಮಗಳಿಗೆ “ಕಾಗದದ ಕೆಲಸ ಐತವಾ” ಎಂದು ಹೇಳಿ ಮರುದಿನ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಕಬ್ಬು ಕಡಿದ ಹೊಲಗಳಲ್ಲಿ ಒಣ ರವದಿ ಉರಿಯುತ್ತಿತ್ತು. ಆ ಹೊಗೆ ನೋಡಿದರೂ ನನಗೆ ಕೆಟ್ಟದ್ದೇ ಹೊಳೆಯುತ್ತಿತ್ತು. ಪ್ರೆಸ್ಸಿನ ಬಾಗಿಲಲ್ಲಿ ಚಪ್ಪಲಿ ಕೂಡ ಬಿಡದೆ ಕೇಳಿದೆ, “ಏನ ಹುಚ್ಚ ಹಿಡದಿತ್ತೋ ನಿನಗ?”

ಮಾರುತಿ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ನಿಂತ. ಅರವತ್ತರ ಹತ್ತಿರದ ಗಂಡಸು, ಕಣ್ಣು ಕೆಂಪಾಗಿದ್ದವು.

“ಹುಚ್ಚಲ್ರಿ, ಅಂಜಿಕಿ. ರೇಣವ್ವನ ಸುದ್ದಿ ಕೇಳಿ ನನಗ ಕೆಲಸಕ್ಕ ಕೈ ಹತ್ತವಲ್ದಾಗಿತ್ತು. ನೀವs ವಿಚಾರ ಮಾಡ್ರಿ, ಈ ಮಷಿನ್ಯಾಗ ಅಚ್ಚಾದ ಕಾರ್ಯ ಇವತ್ತಿನ ತನಕ ಯಾವುದರ ನಿಂತೈತೇನು? ಲಗ್ನ ಇರ್ಲಿ, ಗೃಹಪ್ರವೇಶ ಇರ್ಲಿ. ಅಚ್ಚಾತಂದ್ರ ಆತು. ಅದಕ್ಕs ಹೊಡದೆ.”

“ಆ ಭಾಂಡಿ ಅಂಗಡಿಯವ್ರ ಮಗನ ಲಗ್ನ ಮುರದಿದ್ದಿಲ್ಲೇನು, ಕಾರ್ಡ ಹಂಚಿದ ಮ್ಯಾಲ?”

“ಅದು ಬ್ಯಾರೆ ಪ್ರೆಸ್ಸಿನ್ಯಾಗ ಅಚ್ಚಾಗಿತ್ರಿ,” ಎಂದ, ತಟ್ಟನೆ.

ಬೈಯಬೇಕೆಂದು ಬಾಯಿ ತೆರೆದವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನ ನಂಬಿಕೆ ಅವನಿಗೆ, ನನ್ನ ಅಂಜಿಕೆ ನನಗೆ. ಅಚ್ಚಾದ ಕಾರ್ಡನ್ನು ಮತ್ತೆ ಮಷಿನ್ನಿನೊಳಗೆ ತುಂಬಲು ಬರುವುದಿಲ್ಲ. ಉಳಿದ ದಾರಿ ಒಂದೇ, ಹಂಚುವ ಮೊದಲು ಹಿಡಿಯಬೇಕು.

ಕೌಜಲಗಿಯಲ್ಲಿ ಬಾಳವ್ವನ ಮನೆಯ ಮುಂದೆ ಹಂದರ ಏಳುತ್ತಿತ್ತು. ಅವಳು ಶಾವಿಗೆ ಒಣಗಿಸುತ್ತ ಕೂತಿದ್ದಳು. ನನ್ನನ್ನು ಕಂಡು ಬಾಯಿ ತುಂಬ ನಕ್ಕಳು. “ಬರ್ರಿ ಅಕ್ಕಾರ! ಕಾರ್ಡ ಛಲೋ ಆಗ್ಯಾವು. ನಿಮ್ಮ ಮನಿ ಕಾರ್ಯದ್ದೂ ಬಂದಾವು.”

“ಅವನ್ನ ಒಯ್ಯಾಕs ಬಂದೇನಿ ಬಾಳವ್ವ. ಎಲ್ಲ್ಯದಾವು?”

“ಎಲ್ಲಿಂದ ಒಯ್ತೀರಿ? ಹಂಚಿ ಆತಲ್ಲ.”

ನನ್ನ ಮುಖ ನೋಡಿ ಅವಳ ನಗು ಅರ್ಧಕ್ಕೆ ನಿಂತಿತು. ನೀರು ಕೊಟ್ಟು ಕೂರಿಸಿ ಹೇಳಿದಳು. ಲಗ್ನಪತ್ರಿಕೆಗಳನ್ನೆಲ್ಲ ದೇವರ ಮುಂದೆ ಇಟ್ಟು, ನಾಲ್ಕೂ ಮೂಲೆಗೆ ಅರಿಷಿಣ ಹಚ್ಚುವಾಗ ಈ ಸಣ್ಣ ಕಾರ್ಡುಗಳೂ ಸಿಕ್ಕಿದ್ದವು. ಓದಿದವರು ಇದು ಪ್ರೆಸ್ಸಿನವರ ಮನೆಯದು ಎಂದರು. ಬಾಳವ್ವ ಅವಕ್ಕೂ ಅರಿಷಿಣ ಹಚ್ಚಿ, ಒಂದೊಂದು ಲಗ್ನಪತ್ರಿಕೆಯೊಳಗೆ ಒಂದೊಂದು ಇಟ್ಟು ಕಳಿಸಿದ್ದಳು. ಅವಳ ಬಳಗವೆಲ್ಲ ಮೂಡಲಗಿಯ ಕಡೆ.

“ನಮ್ಮ ಮಂದಿ ನಿಮ್ಮ ತೊಟ್ಲಕ್ಕೂ ಬರ್ಲಿ ಅಂತ ನಾನs ಇಡಿಸೇನ್ರಿ ಅಕ್ಕಾರ. ತಪ್ಪಾತೇನು?”

“ಕೂಸು ಇನ್ನೂ ಹುಟ್ಟಿಲ್ಲ ಬಾಳವ್ವ,” ಎಂದೆ.

ಅವಳ ಕೈಯಲ್ಲಿದ್ದ ಶಾವಿಗೆ ಹಾಗೇ ಉಳಿಯಿತು. “ದೇವರ ಮುಂದ ಇಟ್ಟ ಕಳಿಸೇನಿ,” ಎಂದಳು. ಅಷ್ಟೇ. ಅದು ಸಮಾಧಾನವೋ, ಅವಳ ಹೆದರಿಕೆಯೋ, ನನಗೆ ತಿಳಿಯಲಿಲ್ಲ.

ತಿರುಗಿ ಬರುವಾಗ ಬಸ್ಸು ಹೊಳೆಯ ಸೇತುವೆ ದಾಟುತ್ತಿದ್ದಂತೆ ಮೊದಲ ಫೋನು ಬಂತು. ಗುರುತಿಲ್ಲದ ನಂಬರು. ಕಣಗಲಾದಿಂದಲೇ ಇರಬೇಕು, ಯಾರೋ ಬೇರೆಯವರ ಫೋನಿನಿಂದ ಮಾಡುತ್ತಿದ್ದಾರೆ, ಆಸ್ಪತ್ರೆಯಿಂದ ಇರಬೇಕು. ಹಾಗೆಂದುಕೊಂಡೇ ಎತ್ತಿದೆ.

“ನಮಸ್ಕಾರ್ರಿ, ಕಾರ್ಡ ಮುಟ್ಟೇತ್ರಿ. ದಿನಾನs ಹಾಕಿಲ್ಲಲ್ರಿ ಇದರಾಗ? ತೊಟ್ಲ ಯಾವಾಗ್ರಿ?”

“ಇನ್ನೂ… ಗೊತ್ತಾಗಿಲ್ರಿ,” ಎಂದು ಇಟ್ಟುಬಿಟ್ಟೆ.

ಅವತ್ತಿನಿಂದ ಫೋನು ನನ್ನ ವೈರಿಯಾಯಿತು. ಮೂಡಲಗಿಯ ಯಾವ ಯಾವ ಓಣಿಗಳಿಂದಲೋ ಕರೆ. ಗಂಡು ಕೂಸೋ, ಹೆಣ್ಣು ಕೂಸೋ? ತೊಟ್ಟಿಲು ಕಣಗಲಾದಲ್ಲೋ, ಗೋಕಾಕದಲ್ಲೋ? ಹಡೆದು ಎಷ್ಟು ದಿನವಾಯಿತು? ನಾನು ಸುಳ್ಳು ಹೇಳಲಾರೆ, ಖರೆ ಹೇಳಲು ಬಾಯಿ ಬರುವುದಿಲ್ಲ. ಕರೆ ಬಂದಾಗಲೆಲ್ಲ ಎದೆ ಮೊದಲು ಆಸ್ಪತ್ರೆಗೆ ಓಡುತ್ತಿತ್ತು, ಆಮೇಲೆ ತಿರುಗಿ ಬರುತ್ತಿತ್ತು. ಬಂದ್ ಮಾಡಿಡೋಣವೆಂದರೆ ಅದರಲ್ಲೇ ನನ್ನ ಪ್ರೆಸ್ಸು. ಮಾರುತಿಯ ಫೋಟೊ ಯಾವುದು, ಮೂಡಲಗಿಯ ಪ್ರಶ್ನೆ ಯಾವುದು ಎಂದು ನೋಡುವುದರಲ್ಲೇ ದಿನ ಹೋಗುತ್ತಿತ್ತು. ಅದರ ನಡುವೆಯೇ “ಬಿಡು” ಎನ್ನುತ್ತಿದ್ದೆ.

ಅವರಲ್ಲಿ ಮಹಾದೇವಿ ಎಂಬ ಹೆಂಗಸೊಬ್ಬಳು ಬಿಡದೆ ಮಾಡುತ್ತಿದ್ದಳು. ಮೂಡಲಗಿಯವಳು, ಬಾಳವ್ವನ ದೂರದ ನೆಂಟಳು. ಅವಳಿಗೆ ಮಾತ್ರ, ಯಾಕೋ, ಒಂದು ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾಸು ಕೆಳಗಿರುವುದು, ಹಿಂದಿನ ಎರಡು ಸಲ ಆದದ್ದು, ಎಲ್ಲ. ಅವಳು ಅಯ್ಯೋ ಅನ್ನಲಿಲ್ಲ. “ಹಂಗೇನ್ರಿ,” ಎಂದಳು. ಮರುದಿನ ಮತ್ತೆ ಫೋನು ಮಾಡಿ, “ಇವತ್ತ ಹೆಂಗದಾಳ್ರಿ ನಿಮ್ಮ ಮಗಳು?” ಎಂದು ಕೇಳಿದಳು.

ಮನೆಯವರಿಂದ ಈ ಸಂಗತಿ ಮುಚ್ಚಿಟ್ಟಿದ್ದೆ. ಎಷ್ಟು ದಿನ ಮುಚ್ಚಲಾದೀತು? ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಫೋನು ರೇಣುಕಾಳ ತಲೆದಿಂಬಿನ ಹತ್ತಿರ ಉಳಿದಿತ್ತು. ಗಾಳಿಯೋ ಮೋಡವೋ, ಅವತ್ತು ಮನೆಯೊಳಗೇ ನೆಟ್‌ವರ್ಕ್ ಸಿಕ್ಕಿಬಿಟ್ಟಿತು. ಗಂಟೆ ಕೇಳಿ ಸಾಬೂನಿನ ಕೈಯಲ್ಲೇ ಓಡಿದೆ. ಬಾಗಿಲಿಗೆ ಬರುವಷ್ಟರಲ್ಲಿ ಅವಳು ಎತ್ತಿಯಾಗಿತ್ತು. ಆಚೆಯ ಗಂಡಸಿನ ದೊಡ್ಡ ದನಿ ನನಗೂ ಕೇಳಿಸಿತು.

“ರೇಣುಕಾ ಅಂಬಾಕಿ ಕೂಸಿನ ತೊಟ್ಲದ ಕಾರ್ಡ ಬಂದೈತ್ರಿ ನಮಗ. ಯಾವಾಗ ಬರೂಣ್ರಿ?”

ಹೊಸ್ತಿಲ ಮೇಲೆ ನಿಂತವಳು ಒಳಗೂ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ಗಂಗವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ರೇಣುಕಾ ಬಾಗಿಲ ಕಡೆ, ನಮ್ಮಿಬ್ಬರನ್ನೂ ನೋಡಿದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಈ ಸಲ ತೆಗೆಯಲಿಲ್ಲ.

“ನಾನs ರೇಣುಕಾರಿ,” ಎಂದಳು. “ಅದು ಇನ್ನೂ ಒಳಗs ಐತ್ರಿ. ಹೊರಗ ಬಂದ ಕೂಡ್ಲೆ ಹೇಳ್ತೀನಿ. ನೀವು ತಪ್ಪಸಬ್ಯಾಡ್ರಿ ಮತ್ತ.”

ಫೋನು ಇಟ್ಟು ನನ್ನನ್ನು ಕೇಳಿದಳು. ಹೇಳಿದೆ. ಮಾರುತಿ, ಉಳಿದ ಜಾಗ, ಬಾಳವ್ವ, ಅರಿಷಿಣ, ಎಲ್ಲ. ಹೇಳುತ್ತ ಹೇಳುತ್ತ ಅತ್ತೆ. ಅವಳು ನಕ್ಕಳು. ನಾನು ಆ ಮನೆಗೆ ಹೋದ ಮೇಲೆ ಅವಳು ನಕ್ಕದ್ದನ್ನು ಮೊದಲ ಸಲ ಕೇಳಿದ್ದು.

“ಅವ್ವಾ, ಇಡೀ ಮೂಡಲಗಿ ನನ್ನ ಕೂಸಿನ ಸುದ್ದಿ ಕೇಳತೈತಿ. ಈ ಮನ್ಯಾಗ ಒಬ್ಬರರ ಕೇಳೀರೇನು? ಅದು ಒದೀತೈತೋ ಇಲ್ಲೋ ಅಂತ ಯಾರರ ಕೇಳೀರೇನು? ನಾ ಒಬ್ಬಾಕೀನs ಅದರ ಜೋಡಿ ಮಾತಾಡಿ ಮಾತಾಡಿ ಸಾಕಾಗೇತಿ.”

ಗಂಗವ್ವ ಸೆರಗಿಗೆ ಕೈ ಒರೆಸಿಕೊಂಡು ಮಂಚದ ಅಂಚಿಗೆ ಕೂತಳು. ಅವಳ ಕತ್ತರಿ ನಾಲಿಗೆ ಎಲ್ಲಿ ಹೋಗಿತ್ತೋ. “ಒದೀತೈತೇನ ಯವ್ವಾ?” ಎಂದು ಕೇಳಿದಳು, ದೇವರ ಗುಡಿಯಲ್ಲಿ ಮಾತಾಡುವವರ ಹಾಗೆ. ರೇಣುಕಾ ಅವಳ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಅಂಜಿಕೆ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಅಂಜಿಕೆಯ ಜೊತೆ ಮಾತು ಬಂತು, ಅಷ್ಟೇ. ಮಂಚವನ್ನು ದೊಡ್ಡಿಯ ಕಡೆಯ ಕಿಟಕಿಗೆ ಸರಿಸಿದೆವು, ಅಲ್ಲಿ ನೆಟ್‌ವರ್ಕ್ ಹಿಡಿಯಿತು, ಅವತ್ತಿನಿಂದ ಫೋನು ಮಗಳ ಕೈಗೆ ಹೋಯಿತು. ಗುರುತಿಲ್ಲದವರಿಗೆ ತನ್ನ ಸುದ್ದಿ ತಾನೇ ಹೇಳುತ್ತಿದ್ದಳು. ನಡುವೆ ಮಾರುತಿಯ ಫೋಟೊ ಬಂದರೆ, “ಅವ್ವಾ, ನಿನ್ನ ಗಣಪತಿ ಈಗ ಉಂಡಾನ ನೋಡು,” ಎಂದು ನನಗೆ ತೋರಿಸುತ್ತಿದ್ದಳು.

ಡಾಕ್ಟರ್ ಬಾಯಿ ಹೇಳಿದ ದಿನ ಇನ್ನೂ ದೂರವಿತ್ತು. ಒಂದು ದಿನ ಊಟವಾದ ಮೇಲೆ ಮೋಡ ಕಪ್ಪಾಗಿ ಕವಿಯಿತು, ಗಾಳಿ ಎದ್ದಿತು. ತಗಡಿನ ಮೇಲೆ ಆಣೆಕಲ್ಲು ಬೀಳತೊಡಗಿತು. ಆ ಸಪ್ಪಳದಲ್ಲಿ ಅವಳು ಎಷ್ಟು ಸಲ ಕರೆದಳೋ. ನಾನು ಒಳಗೆ ಬಂದಾಗ ಹಾಸಿಗೆ ಕೆಂಪಾಗಿತ್ತು.

ಸಿದ್ದು ಆಗಷ್ಟೇ ಮನೆಗೆ ಬಂದಿದ್ದ, ಅದು ನಮ್ಮ ಪುಣ್ಯ. ಹಾಸಿಗೆ ಸಮೇತ ಎತ್ತಿ ಟೆಂಪೊದ ಹಿಂದೆ ಮಲಗಿಸಿದೆವು, ಮೇಲೆ ತಾಡಪತ್ರಿ ಕಟ್ಟಿದ. ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಗಂಗವ್ವನ ತೊಡೆಯ ಮೇಲೆ. ಹೈವೇಯಲ್ಲಿ ಎದುರಿನ ಲಾರಿಗಳು ಹಗಲಲ್ಲೇ ದೀಪ ಹಚ್ಚಿಕೊಂಡು ಬರುತ್ತಿದ್ದವು. ತಾಡಪತ್ರಿಯ ಮೇಲೆ ಕಲ್ಲು ಬೀಳುವ ಸದ್ದಿಗೆ ಮಗಳ ಉಸಿರು ಕೇಳುತ್ತಿರಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ಹಿಡಿದು ನೋಡಿದೆ. “ಅದು ಒದೀವಲ್ದವ್ವ,” ಎಂದಳು ಒಮ್ಮೆ. ಗಂಗವ್ವ, “ಟೆಂಪೊ ಕುಲುಕಾಟಕ್ಕ ಮಲಗಿರತೈತಿ, ಅವರಪ್ಪನಂಗ,” ಎಂದಳು. ಹಾಗೆಂದವಳ ಮುಖ ಬೂದಿಯಂತಿತ್ತು.

ಹುಕ್ಕೇರಿಯಲ್ಲಿ ಅವಳನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ರಕ್ತ ಬೇಕು ಎಂದು ಸಿದ್ದು ಓಡಿದ. ಗಂಗವ್ವ ಗೋಡೆಗೆ ಹಣೆ ಹಚ್ಚಿ ನಿಂತಳು. ನಾನು ಮರದ ಬಾಕಿನ ಮೇಲೆ ಕೂತೆ. ಆಗ ಫೋನು ಬಂತು, ಮಾರುತಿ. “ವೈನ್ಯಾರ, ಮೂಡಲಗಿ ಗೃಹಪ್ರವೇಶದ್ದು ಫೋಟೊ ಹಾಕೇನ್ರಿ, ಬಿಡ್ಲಿ ಏನ್ರಿ?” ಅವನು ಹಲೋ ಹಲೋ ಎಂದ. ಆಸ್ಪತ್ರೆಯ ಗದ್ದಲ ಕೇಳಿಸಿರಬೇಕು, ಆ ಕಡೆ ಮಷಿನ್ ಸದ್ದು ಒಮ್ಮೆಲೇ ನಿಂತಿತು. “ಬರತೇನ್ರಿ,” ಎಂದು ಇಟ್ಟ.

ಮತ್ತೆ ಗಂಟೆ ಬಾರಿಸಿತು. ಮಹಾದೇವಿ. ದಿನವೂ ಅವಳು ಮಾಡುವ ಹೊತ್ತು ಅದೇ.

“ಇವತ್ತ ಹೆಂಗದಾಳ್ರಿ?”

“ಒಳಗ ಒಯ್ದಾರ,” ಎಂದೆ.

“ಮಾತಾಡಬ್ಯಾಡ್ರಿ,” ಎಂದಳು ಅವಳು. “ಫೋನ್ ಇಡಬ್ಯಾಡ್ರಿ. ಹಂಗs ಕಿವಿಗೆ ಹಿಡಕೊಂಡ ಕೂಡ್ರಿ. ನಾ ಇಲ್ಲಿ ಅದೇನಿ.”

ಹಿಡಿದುಕೊಂಡು ಕೂತೆ. ಆ ಕಡೆ ಅವಳ ಮನೆಯ ಸದ್ದುಗಳು ಬರುತ್ತಿದ್ದವು. ಕೊಡದಲ್ಲಿ ನೀರು ತುಂಬಿದ್ದು, ಯಾರೋ ಬಾಗಿಲು ತೆಗೆದದ್ದು, ಕೋಳಿಯನ್ನು ಓಡಿಸಿದ್ದು. ನಾನು ಮುಖವನ್ನೇ ನೋಡದ ಹೆಂಗಸು ಫೋನಿನ ಆ ತುದಿಯಲ್ಲಿ ಭಾಂಡೆ ತಿಕ್ಕುತ್ತ, ನಡುನಡುವೆ “ಅದೇನ್ರಿ” ಎನ್ನುತ್ತ ನನ್ನ ಜೊತೆ ಉಳಿದಳು. ಆ ಬಾಗಿಲು ತೆರೆಯುವ ತನಕ ನಾನು ಹುಚ್ಚಿಯಾಗದೆ ಇದ್ದದ್ದು ಆ ಸದ್ದುಗಳಿಂದ.

ಬಾಗಿಲು ತೆರೆಯಿತು. ಡಾಕ್ಟರ್ ಬಾಯಿ ಮುಖದ ಬಟ್ಟೆ ಇಳಿಸಿ, “ತಾಯಿ ಅದಾಳ. ಹೆಣ್ಣ ಕೂಸು. ಬಹಳ ಸಣ್ಣದೈತಿ, ಪೆಟಿಗಿನ್ಯಾಗ ಇಡ್ತೀವಿ,” ಎಂದರು. ನಾನು ಕೇಳಬೇಕೆಂದಿದ್ದನ್ನು ಫೋನಿನೊಳಗಿನಿಂದ ಮಹಾದೇವಿಯೇ ಕೇಳಿದಳು, “ಅತ್ತೈತೇನ್ರಿ? ಕೂಸು ಅತ್ತೈತೇನು?” ಡಾಕ್ಟರ್ ಬಾಯಿಗೆ ಅದೂ ಕೇಳಿಸಿತು. “ಅತ್ತೈತಿ, ಅತ್ತೈತಿ. ಸಣ್ಣದಾದ್ರೂ ದನಿ ದೊಡ್ಡದೈತಿ,” ಎಂದು ನಕ್ಕರು.

ಗಾಜಿನ ಪೆಟ್ಟಿಗೆಯಲ್ಲಿದ್ದ ಆ ಜೀವವನ್ನು ನೋಡುತ್ತ ಇನ್ನೂ ಬಹಳ ದಿನ ಅಂಜಿದೆ. ಅಂಗೈ ನನ್ನ ಹೆಬ್ಬೆರಳಿನ ಉಗುರಿನಷ್ಟು. ಮೂಡಲಗಿಯಿಂದ ಫೋನು ಬರುವುದು ನಿಲ್ಲಲಿಲ್ಲ, ಇವತ್ತು ಎಷ್ಟು ಕುಡಿಯಿತು ಎಂದು ಕೇಳುವರು. ಮಾರುತಿ ಮರುದಿನ ಬೆಳಿಗ್ಗೆಯೇ ಬಂದು ಗಾಜಿನ ಹೊರಗೆ ಕೈ ಕಟ್ಟಿ ನಿಂತು, “ಅಚ್ಚು ಛಲೋ ಬಂದೈತಿ,” ಎಂದ. ಅವನನ್ನು ಬೈದೆ, ಬೈಯುತ್ತಲೇ ನಕ್ಕೆ.

ಮತ್ತೆ ಈಗ ಕೇಳಿ! ನನ್ನ ಮೊಮ್ಮಗಳು ಕುಡಿದಳು, ತುಂಬಿದಳು, ಪೆಟ್ಟಿಗೆಯಿಂದ ಹೊರಗೆ ಬಂದಳು. ಕಣ್ಣು ತೆರೆದರೆ ಇಡೀ ಓಣಿಗೆ ಬೆಳಕು. ಕೆನ್ನೆ ಬಂದಿತು, ಕೆನ್ನೆಯ ಮೇಲೆ ಗುಳಿ ಬಂದಿತು, ಮೊಣಕೈಗೆ ಬೆಣ್ಣೆಯ ಮಡಿಕೆ ಬಂದಿತು. ಅತ್ತರೆ ಗಂಗವ್ವನ ಕುರಿಗಳು ಸುಮ್ಮನಾಗುತ್ತವೆ. ನಾನು ಹೆತ್ತಾಗಲೂ ಇಷ್ಟು ಕುಣಿದಿರಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ.

ತೊಟ್ಟಿಲಿಗೆ ಹಾಕುವ ದಿನ ಗೊತ್ತಾದಾಗ ಹೊಸ ಕಾರ್ಡು ಅಚ್ಚು ಹಾಕಲಿಲ್ಲ. ಕರೆ ಮಾಡಿದವರಿಗೆಲ್ಲ ರೇಣುಕಾ ತಾನೇ ತಿರುಗಿ ಕರೆ ಮಾಡಿ ದಿನ ಹೇಳಿದಳು. ಬರುವವರು ನಾಲ್ಕು ಮಂದಿ ಎಂದುಕೊಂಡಿದ್ದೆವು. ಬಾಳವ್ವ ತನ್ನ ಹೊಸ ಅಳಿಯನ ಸಮೇತ ಬಂದಳು, ಮೂಡಲಗಿಯಿಂದ ಒಂದು ಗಾಡಿ ತುಂಬ ಬಂದರು. “ಹೆಸರು ಗೊತ್ತಿಲ್ಲ, ಮಾರಿ ಗೊತ್ತಿಲ್ಲ, ಹೋಳಿಗಿ ಮಾತ್ರ ಎರಡೆರಡು ಬೇಕು,” ಎಂದು ಗಂಗವ್ವ ಕಣಕ ನಾದುತ್ತ ಕೂಗಿದಳು. ನಾದಿದ್ದು ಸಾಲದೆ ಮತ್ತೆ ನಾದಿದಳು. ಅವತ್ತು ಅವಳು ಬೈಯದೆ ಉಳಿದವರಿಲ್ಲ.

ಮಹಾದೇವಿಯನ್ನು ದನಿಯಿಂದಲೇ ಗುರುತಿಸಿದೆ. ಒಣಕಲು ಹೆಂಗಸು, ನನಗಿಂತ ಸಣ್ಣವಳು. ಕೂಸನ್ನು ಎತ್ತಿಕೊಂಡಳು, ಮೂಸಿದಳು, ಬಹಳ ಹೊತ್ತು ಕೆಳಗೆ ಇಡಲಿಲ್ಲ. ಊಟವಾದ ಮೇಲೆ ನನ್ನ ಕೈ ಹಿಡಿದು ದೊಡ್ಡಿಯ ಕಡೆ ಕರೆದಳು.

“ಅಕ್ಕಾರ, ಖರೆ ಹೇಳ್ತೀನಿ. ನಿಮಗ ದಿನಾ ಫೋನ್ ಮಾಡ್ತಿದ್ನಲ್ಲ, ನನ್ನ ಸಲುವಾಗಿ ಮಾಡ್ತಿದ್ದೆ. ನನ್ನ ಮಗಳೂ ಹಂಗs ಮಲಗ್ಯಾಳ. ಮೊದಲಿಂದು ಉಳೀಲಿಲ್ಲ. ಆಕಿ ಮುಂದ ನಮಗ್ಯಾರಿಗೂ ಬಾಯಿ ಬರೂದಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಆಕೀದೂ ಒಂದು ತೊಟ್ಲದ ಕಾರ್ಡ ಹೊಡದು ಕೊಡ್ರಿ. ಹುಟ್ಟೂಕಿಂತ ಮೊದಲ.”

ಹಿಂದೆ ಎಲೆ ಎಸೆಯಲು ಬಂದಿದ್ದ ಮಾರುತಿ, “ಹೊಡೀತೇನ್ರಿ! ನಾಳಿಗೆs ಹೊಡೀತೇನಿ!” ಎಂದ.

“ನೀ ಸುಮ್ನಿರು,” ಎಂದೆ.

ಅವಳ ಕಣ್ಣು ನನ್ನ ಮೇಲೇ ಇದ್ದವು. ಇಡೀ ಬೇಸಿಗೆ ನನ್ನ ಎದೆಯಲ್ಲಿ ಕೂತಿದ್ದ ಅಂಜಿಕೆ ಅವಳ ಕಣ್ಣಲ್ಲಿ ಕೂತಿತ್ತು. ಹೂಂ ಎನ್ನುವುದು ಸುಲಭವಿತ್ತು. ಮಷಿನ್ ನನ್ನದೇ, ಕಾಗದ ನನ್ನದೇ. ಹೊಡೆದುಕೊಟ್ಟ ಮೇಲೆ ಆ ಕೂಸು ಉಳಿಯದಿದ್ದರೆ? ಅಚ್ಚಿಗೆ ಆ ಶಕ್ತಿ ಇದೆ ಎಂದು ಯಾವ ಬಾಯಿಂದ ಹೇಳಲಿ?

“ಕಾರ್ಡ ಹೊಡ್ಯಂಗಿಲ್ಲ ಮಹಾದೇವಿ,” ಎಂದೆ. “ನಿನ್ನ ಮಗಳ ನಂಬರ ಕೊಡು.”

ಮರುದಿನ ಗೋಕಾಕದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಆ ನಂಬರಿಗೆ ಮಾಡಿದೆ. ಬಹಳ ಹೊತ್ತು ಗಂಟೆ ಬಾರಿಸಿತು. ಎತ್ತಿದ ದನಿ ಸಣ್ಣದಿತ್ತು, ಅಂಜಿದ್ದಿತ್ತು.

“ಯಾರ್ರಿ?”

“ನಾ ಗೋಕಾಕದಿಂದ, ಶಾಂತವ್ವ. ನಿಮ್ಮವ್ವನ ಗೆಳತಿ. ಒದೀತೈತೇನವಾ ಕೂಸು?”

ಉಸಿರು ಒಳಗೆ ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಮಂಚ ಕಿರುಗುಟ್ಟಿತು, ಹುಡುಗಿ ಮಗ್ಗುಲಾಗಿರಬೇಕು.

“ಹೂಂರಿ,” ಎಂದಳು. “ಈಗs ಒದೀತು.”